ಸೋಮುವಿಗೆ ಸಕ್ಕರೆ ನೀರು

2006ರ ಜುಲೈ, ಬುಧವಾರ, ಬೆಳಿಗ್ಗೆ ಒಂಬತ್ತೂವರೆ. ವಾರ್ಡಿನಲ್ಲಿ ಇದ್ದವರು ತಮ್ಮ ಸೋಮು, ನಾನು, ಡ್ಯೂಟಿ ಸಿಸ್ಟರ್.

ಹದಿನೈದು ದಿನದ ಹಿಂದೆ, ಸಕ್ಕರೆ ಕಾಯಿಲೆಯ ಸೋಮುವಿನ ಬಲಗೆನ್ನೆ ಊದಿತ್ತು. ಹಲ್ಲುನೋವು ಎಂದುಕೊಂಡೆವು. ಮೂರನೆಯ ದಿನ ಮೂಗಿನಿಂದ ಕಪ್ಪು ಹಕ್ಕಳೆ ಉದುರಿತು.

ಫಂಗಸ್.

ಆಪರೇಷನ್ ಆಯಿತು. ಉಳಿದ ಫಂಗಸ್ ಕಣ್ಣಿಗೆ, ಅಲ್ಲಿಂದ ಮಿದುಳಿಗೆ ಹೋಗದಿರಲೆಂದು ಕೊಟ್ಟ ಆಂಫೊಟೆರಿಸಿನ್ ದಿನವೂ ಅವನನ್ನು ಮಂಚ ಅಲುಗುವಷ್ಟು ನಡುಗಿಸಿತು. ಮೂರು ಕಂಬಳಿ ಹೊದಿಸಿ ಒತ್ತಿ ಹಿಡಿದು ಕೂರುತ್ತಿದ್ದೆ. ಕಿಡ್ನಿ ಸೋಲುತ್ತಿದೆಯೆಂದು ತೋರಿಸುವ ಕ್ರಿಯೇಟಿನಿನ್ ರಕ್ತದಲ್ಲಿ ಏರಿತು. ಔಷಧಿ ನಿಲ್ಲಿಸಿದರೆ ಫಂಗಸ್, ಮುಂದುವರಿಸಿದರೆ ಕಿಡ್ನಿ. ಉಳಿದದ್ದು ಒಂದೇ ದಾರಿ: ಕಿಡ್ನಿಗೆ ಪೆಟ್ಟು ಕಡಿಮೆಯಾಗಲೆಂದು ಅದೇ ಔಷಧಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳಲ್ಲಿ ತುಂಬಿದ ಲೈಪೊಸೋಮಲ್ ಇಂಜೆಕ್ಷನ್. ಅಂದು ಬೆಳಿಗ್ಗೆ ಐಸ್ ಡಬ್ಬಿಯಲ್ಲಿ ಬಂದಿತ್ತು.

"ಇಪ್ಪತ್ತು ವರ್ಷ ತುಪ್ಪದ ಡಬ್ಬ ಬಚ್ಚಿಟ್ಟೆ. ಈಗ ನೆಟ್ಟಗೆ ನರದೊಳಕ್ಕೇ ಕೊಬ್ಬು ಬಿಡಿಸ್ತಿದೀಯಲ್ಲಕ್ಕಾ!" ಎಂದ ಸೋಮು.

ಔಷಧಿ ಬೆರೆಸಲು ಸಿಸ್ಟರ್ ಬಾಟಲಿ ತೂಗುಹಾಕಿದರು. ಲೇಬಲ್ ಓದಿದೆ. ಡೆಕ್ಸ್‌ಟ್ರೋಸ್.

"ನಿಲ್ಸಿ ಸಿಸ್ಟರ್! ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ನೀರಾ? ಸಲೈನ್ ಹಾಕಿ." ನಾನೇ ಗೆರೆ ಹಾಕಿ ತುಂಬುತ್ತಿದ್ದ ಅವನ ಶುಗರ್ ಚಾರ್ಟನ್ನು ಮುಂದೆ ಹಿಡಿದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದ ದನಿ ನನ್ನದು. ಸಿಸ್ಟರ್ ಕೈ ಸಲೈನ್‌ನತ್ತ ಹೋಯಿತು. ಅಷ್ಟರಲ್ಲಿ ಡಾಕ್ಟರ್ ಒಳಗೆ ಬಂದರು.

"ಅಯ್ಯೋ, ಬೇಡ ಮೇಡಂ! ಉಪ್ಪು ನೀರಲ್ಲಿ ಗುಳ್ಳೆಗಳು ಗಂಟು ಕಟ್ಕೊಂಡ್ಬುಡ್ತವೆ, ಔಷಧಿಯೆಲ್ಲ ಹಾಳು. ಇದಕ್ಕೆ ತಕ್ಕ ಇನ್ಸುಲಿನ್ ನಾನು ಕೊಡ್ತೀನಿ."

ಅವನನ್ನು ಇಷ್ಟು ದಿನ ಉಳಿಸಿದ್ದ ನನ್ನ ಶಿಸ್ತೇ ಅವನ ಔಷಧಿ ಕೆಡಿಸುವುದರಲ್ಲಿತ್ತು.

ಚಾರ್ಟ್ ಕೆಳಗಿಟ್ಟೆ. ಹಳದಿ ಹನಿಗಳು ಇಳಿಯತೊಡಗಿದವು. ಡಾಕ್ಟರ್ ಹೇಳಿದರು: "ಇಂಥವೇ ಗುಳ್ಳೆಗಳಲ್ಲಿ ಆರ್‌ಎನ್‌ಎ ತುಣುಕು ಕಳಿಸಿ, ಲಿವರ್‌ನಲ್ಲಿ ಕಾಟ ಕೊಡೋ ಜೀನನ್ನ ಸುಮ್ಮನಾಗಿಸೋಕೆ ನೋಡ್ತಿದಾರೆ ಮೇಡಂ. ಸದ್ಯಕ್ಕೆ ಪ್ರಾಣಿಗಳಲ್ಲಿ."

ನಾನು ಸ್ಟೂಲಿನಿಂದ ಎದ್ದೇಬಿಟ್ಟೆ. ಜೀನಿನ ಆಜ್ಞೆಯನ್ನು ಆರ್‌ಎನ್‌ಎ ಹೊತ್ತೊಯ್ಯುತ್ತದೆ ಎಂದು ಎಷ್ಟು ಬ್ಯಾಚಿಗೆ ಬರೆಸಿದ್ದೆ! ಆ ಆಜ್ಞೆಯನ್ನು ದಾರಿಯಲ್ಲೇ ಹರಿದುಹಾಕಬಹುದೆಂದು ನನ್ನ ಯಾವ ಪಾಠದಲ್ಲೂ ಇರಲಿಲ್ಲ.

"ಜೀವಕೋಶದೊಳಗೆ ಹೇಗೆ ನುಗ್ಗುತ್ತೆ? ಗುಳ್ಳೆ ಒಡೆಯೋದು ಎಲ್ಲಿ?" ಡಾಕ್ಟರ್ ಚಾರ್ಟಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು.

"ಡಾಕ್ಟ್ರೇ, ಮೊದ್ಲು ನಮ್ಮಕ್ಕನ್ನ ಸುಮ್ಮನಾಗಿಸೋ ಇಂಜೆಕ್ಷನ್ ಇದ್ರೆ ಕೊಡಿ!" ಎಂದ ಸೋಮು. ಅವನು ಹಾಗೆ ನಕ್ಕು ಎಷ್ಟು ದಿನವಾಗಿತ್ತು!

ಅರ್ಧ ಗಂಟೆ. ಈ ಹೊತ್ತಿಗೇ ನಡುಕ ಶುರುವಾಗುತ್ತಿದ್ದದ್ದು. ಪಕ್ಕದಲ್ಲಿ ಮಡಿಸಿಟ್ಟಿದ್ದ ಕಂಬಳಿಗಳ ಮೇಲೆ ಕೈಯಿಟ್ಟು ಕಾದೆ. ಒಂದು ಗಂಟೆ. ಎರಡು.

ಸೋಮು ನಿದ್ದೆ ಹೋಗಿದ್ದ.

ಸಂಜೆ ಆರಕ್ಕೆ ಮೂತ್ರ ಅಳೆದೆ. ನಿನ್ನೆಗಿಂತ ಹೆಚ್ಚು. ಕ್ರಿಯೇಟಿನಿನ್ ನಾಳೆ ತಿಳಿಯುತ್ತದೆ. ಇನ್ನೂ ಹಲವು ದಿನ ಈ ಇಂಜೆಕ್ಷನ್ ಆಗಬೇಕು. ಶುಗರ್ ಚಾರ್ಟಿನಲ್ಲಿ 'ಡೆಕ್ಸ್‌ಟ್ರೋಸ್' ಎಂದು ಬರೆದು ಸಹಿ ಹಾಕಿದೆ. ಆಮೇಲೆ ಮೂರೂ ಕಂಬಳಿಗಳನ್ನು ಮಡಿಕೆ ಬಿಚ್ಚದೆಯೇ ಬೀರುವಿನಲ್ಲಿಟ್ಟೆ.