ಮುಕ್ರಿಯ ಫೋನಿಗೆ ಬಾರದ ಆ್ಯಪ್

ಇಬ್ರಾಹಿಂ ಮುಕ್ರಿ ಬಾಂಗ್ ಕೊಡದ ಕಿವಿ ಕೊಯಿಲ ಊರಿನ ಕಡೆ ಹುಡುಕಿದರೂ ಸಿಗಲಿಕ್ಕಿಲ್ಲ. ಮಸೀದಿಯ ಬಾಗಿಲು ತೆಗೆದು, ತೊಟ್ಟಿಗೆ ನೀರು ತುಂಬಿಸಿ, ಐದು ಹೊತ್ತೂ ಮೈಕಿನಲ್ಲಿ ನಮಾಜಿಗೆ ಕರೆಯುವ ಬಾಂಗ್ ಕೂಗುವ ಕೆಲಸ ಅವರದು. ಯಾರ ಮನೆಯಲ್ಲಿ ಹೆರಿಗೆಯಾದರೂ ಮಗುವಿನ ಬಲಗಿವಿಗೆ ಅದನ್ನೇ ಮೆಲ್ಲಗೆ ಹೇಳಲು ಅವರನ್ನೇ ಕರೆಯುತ್ತಾರೆ. ಹುಟ್ಟಿದವರು ಮೊದಲು ಕೇಳಬೇಕಾದ ಮಾತು ಅದು. ಊರಿನ ಮಕ್ಕಳಿಗೆಲ್ಲ ಕೊಟ್ಟವರು ಸ್ವಂತ ಮೊಮ್ಮಗುವನ್ನು ಬಿಟ್ಟಾರೆಯೇ?

ಆದರೆ ಆ ಮೊಮ್ಮಗು ಹುಟ್ಟಬೇಕಿದ್ದದ್ದು ದುಬೈಯಲ್ಲಿ. ಚೊಚ್ಚಲ ಹೆರಿಗೆಗೆ ಮಗಳು ತಾಯಿಯ ಮನೆಗೆ ಬರುವುದು ಪದ್ಧತಿ. ಗಂಡನೊಂದಿಗೆ ಅಲ್ಲಿದ್ದ ಮಗಳು ಶಹನಾಳಿಗೆ ಬಿಪಿ ಏರಿ, ವಿಮಾನ ಹತ್ತಲೇಬಾರದು ಎಂದು ಡಾಕ್ಟರು ಹೇಳಿಬಿಟ್ಟರು. "ಬೇಸರ ಮಾಡ್ಬೇಡಿ ಉಪ್ಪ. ಹುಟ್ಟಿದ ಕೂಡ್ಲೆ ಫೋನು ಮಗುವಿನ ಕಿವಿಗೆ ಹಿಡೀತೇನೆ. ನೀವು ಅಲ್ಲಿಂದಲೇ ಕೊಡಿ" ಅಂದಳು. ಅಳಿಯ ಸಫೀರ್ ಮಾವನಿಗೆಂದು ಹೊಸ ಫೋನನ್ನೇ ಕಳಿಸಿದ. ಹೊಸತು ಬಂದ ದಿನವೇ ಮುಕ್ರಿ ಹಳೆಯದನ್ನು ತಂಗಿಯ ಮಗಳು ಮುಫೀದಾಳಿಗೆ ಕೊಟ್ಟರು. ಅವಳು ಅದನ್ನು ಹಿಡಿದುಕೊಂಡು ಮಂಗಳೂರಿನ ಹಾಸ್ಟೆಲಿಗೆ ಹೋದಳು.

ಶುರುವಾಯಿತು ನೋಡಿ ಪಜೀತಿ. ಹೆರಿಗೆಯಾಗಬೇಕಿದ್ದ ದುಬೈಯ ಆಸ್ಪತ್ರೆಯೊಳಗೆ ಸಿಮ್ಮಿನ ಸಿಗ್ನಲ್ ಇಲ್ಲ, ಇರುವುದು ವೈಫೈ. ಅದರಲ್ಲಿ ಮಾತಾಡಲು ಒಂದು ಆ್ಯಪ್ ಬೇಕು. ಆ ಆ್ಯಪ್ ಹಳೆ ಫೋನಿನ ಜಾತಿಯದ್ದು. ಹೊಸ ಫೋನಿನ ಕಂಪೆನಿಯದ್ದು ಬೇರೆಯೇ ಮನೆ, ಬೇರೆಯೇ ಒಲೆ. ಅಲ್ಲಿಯದು ಇಲ್ಲಿ ಬೇಯುವುದಿಲ್ಲ.

ಮುಕ್ರಿ ಕಾಲು ಸುಟ್ಟ ಬೆಕ್ಕಿನಂತಾದರು. ಮುಫೀದಾಳಿಗೆ ಕೊಟ್ಟದ್ದನ್ನು ವಾಪಸು ಕೇಳಲು ಮನಸ್ಸು ಬರಲಿಲ್ಲ. ಪುತ್ತೂರಿನ ಅಂಗಡಿಯವನು ನೋಡಿ, ಇದರಲ್ಲಿ ಆಗುವುದಿಲ್ಲ ಎಂದ. ಸುಳ್ಯದವನು, "ಕಂಪ್ಯೂಟರಿಗೆ ಸಿಕ್ಕಿಸಿ ಎಲ್ಲ ಅಳಿಸಿ ಹಾಕ್ಬೇಕು. ಫೋನು ಸತ್ರೆ ನನ್ನನ್ನು ಕೇಳ್ಬಾರ್ದು" ಎಂದ. ಮುಕ್ರಿ ಫೋನನ್ನು ಕಸಿದುಕೊಂಡು ಬಂದರು. ನೆರೆಮನೆಯವರು ತಮ್ಮದನ್ನು ಕೊಡಲು ಬಂದರು ನಿಜ, ಆದರೆ ಯಾವಾಗ ಕರೆ ಬರುತ್ತದೋ ಗೊತ್ತಿಲ್ಲದಾಗ ಇನ್ನೊಬ್ಬರ ಫೋನನ್ನು ಎಷ್ಟು ಹೊತ್ತು ಹಿಡಿದುಕೊಳ್ಳುವುದು? ಊಟಕ್ಕೆ ಕೂತರೆ ಏಳುವುದು, ಎದ್ದರೆ ಅಂಗಳಕ್ಕೆ ಹೋಗುವುದು. ಹೆಂಡತಿ ರಮ್ಲತ್ ನೋಡಿ ನೋಡಿ ಸಾಕಾಗಿ, "ಕೂತ್ಕೊಳ್ಳಿ ಮಾರಾಯ್ರೆ. ಹೆರುದು ನೀವಾ ಅವಳಾ?" ಎಂದಳು.

ಒಂದು ಬೆಳಿಗ್ಗೆ, ಶಹನಾಳನ್ನು ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಸಫೀರನ ಮೆಸೇಜು ಬಂತು. ಮುಕ್ರಿ ಚಾ ಅರ್ಧಕ್ಕೇ ಬಿಟ್ಟು ಕಡಬದ ಬಸ್ಸು ಹತ್ತಿದರು. ಅಲ್ಲಿ ರೂಪೇಶನ ಹೊಸ ಮೊಬೈಲ್ ಅಂಗಡಿ. ರೂಪೇಶ ಫೋನನ್ನು ಆಚೀಚೆ ಒತ್ತಿ ನೋಡಿ ತಲೆಯೆತ್ತಿದ.

"ಇಬ್ರಾಹಿಂಚ, ಅಪ್‌ಡೇಟ್ ಯಾಕೆ ಹಾಕ್ಲಿಲ್ಲ? ಆ ಕಡೆಯ ಆ್ಯಪ್ ಈಗ ಇದಕ್ಕೂ ಸುಲಭದಲ್ಲಿ ಬರ್ತದೆ. ಹೆಸರು ಹುಡುಕಿ ಒತ್ತಿದ್ರೆ ಆಯ್ತು. ಫೋನು ದಿನಾ ನಿಮ್ಮ ಹತ್ರ ಕೇಳ್ತಾ ಉಂಟಲ್ಲ?"

"ಕೇಳ್ತದೆ. ನಾನು ದಿನಾ ಬೇಡ ಅಂತ ಒತ್ತುದು."

"ಯಾಕೆ?"

"ಗುರುತಿಲ್ಲದ್ದು ಎಂತ ಬಂದ್ರೂ ಒತ್ಬೇಡಿ, ಮೋಸ ಹೋಗ್ತೀರಿ ಅಂತ ಶುಕ್ರವಾರ ಮೈಕಿನಲ್ಲಿ ಹೇಳಿದ್ದು ನಾನೇ ಅಲ್ವಾ?"

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಯಿತು. ರೂಪೇಶ ನಗಲಿಲ್ಲ. ಮುದುಕನ ಮುಖ ನಗುವ ಹಾಗಿರಲಿಲ್ಲ. ಅಪ್‌ಡೇಟ್ ನಿಧಾನಕ್ಕೆ ಏರುತ್ತಿತ್ತು. ಮುಕ್ರಿ ಕುರ್ಚಿ ಬಿಟ್ಟು ರಸ್ತೆಗೆ, ರಸ್ತೆ ಬಿಟ್ಟು ಕುರ್ಚಿಗೆ. "ಆಯ್ತಾ?" "ಇಲ್ಲ." "ಈಗ?" "ಇಲ್ಲ ಮಾರಾಯ್ರೆ." ಕೊನೆಗೂ ಫೋನು ತಿರುಗಿ ಹೊತ್ತಿಕೊಂಡಿತು. ರೂಪೇಶ ಹೆಸರು ಹುಡುಕಿ ಒತ್ತಿದ. ಇಷ್ಟು ದಿನ ಸತಾಯಿಸಿದ ಆ್ಯಪ್ ಒಳ್ಳೆಯ ಮಗುವಿನ ಹಾಗೆ ಬಂದು ಕೂತಿತು.

ಮುಕ್ರಿಯೇ ಕರೆ ಮಾಡಿದರು. ಎತ್ತಿದ್ದು ಶಹನಾ. ದನಿ ತೀರ ಸೋತಿತ್ತು.

"ಉಪ್ಪ, ಹೆಣ್ಣು. ಆಗಲೇ ಆಯ್ತು. ತುಂಬ ಹೊತ್ತು ಕಾದೆವು, ನಿಮ್ಮದು ಸಿಗ್ಲೇ ಇಲ್ಲ. ಬಾಂಗ್ ಇವರೇ ಕೊಟ್ಟರು."

ಮುಕ್ರಿ ಕುರ್ಚಿಯಲ್ಲಿ ಕೂತುಬಿಟ್ಟರು. ತಂದೆ ಕೊಟ್ಟದ್ದೇ ಸರಿ, ಅದೇ ಕ್ರಮ, ಅವರಿಗೆ ಗೊತ್ತಿಲ್ಲವೇ? "ಒಳ್ಳೇದಾಯ್ತು ಮಗಳೇ" ಅಂದರು.

"ಮಗು ಮಲಗಿದೆ. ಫೋನು ನನ್ನ ಕಿವಿಯ ಹತ್ರ ಉಂಟು ಉಪ್ಪ."

"ಹ್ಞಾ."

"ನಾನು ಹುಟ್ಟಿದಾಗ ನೀವು ಕೊಟ್ಟದ್ದು ನನಗೆ ನೆನಪಿಲ್ಲ ಅಲ್ವಾ? ರಾತ್ರಿ ತುಂಬ ಹೆದರಿದೆ. ಈಗ ಕೊಡಿ, ಕೇಳ್ತೇನೆ."

ಅಂಗಡಿಯೆದುರು ಸುಬ್ರಹ್ಮಣ್ಯದ ಬಸ್ಸು ನಿಂತು ಹಾರ್ನ್ ಹಾಕುತ್ತಿತ್ತು. ರೂಪೇಶ ಎದ್ದು ಗಾಜಿನ ಬಾಗಿಲನ್ನು ಮುಚ್ಚಿದ. ಮುಕ್ರಿ ಗೋಡೆಯ ಕಡೆ ತಿರುಗಿ ನಿಂತು, ಪುಟ್ಟ ಮಗುವಿಗೆ ಹೇಳುವಷ್ಟೇ ಮೆಲ್ಲಗೆ, ಮಗಳ ಕಿವಿಗೆ ಬಾಂಗ್ ಕೊಟ್ಟರು.