ಓಗೊಟ್ಟವರು ಯಾರು?

ನಂಬಿ ಅಂತ ನಾನು ಯಾರನ್ನೂ ಒತ್ತಾಯ ಮಾಡುವುದಿಲ್ಲ. ಆದರೆ ಆ ರಾತ್ರಿ ನನಗೆ ಜ್ವರ ಇರಲಿಲ್ಲ, ನಿದ್ದೆಗಣ್ಣಲ್ಲೂ ಇರಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದು, ನಡೆದದ್ದು ನಡೆದ ಹಾಗೆ.

ನೆದರ್ಲೆಂಡ್ಸಿನಲ್ಲಿ ಕೊರೊನಾ ಕರ್ಫ್ಯೂ ಹಾಕಿದ್ದ ಚಳಿಗಾಲ ಅದು. ನಾನು ದಾವಣಗೆರೆಯವಳು, ಎನ್ಸ್‌ಕೆಡೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಲ್ಯಾಬಿಗೆ ವಾರಕ್ಕೆ ಎರಡೇ ದಿನ ಪ್ರವೇಶ. ರಾತ್ರಿ ಒಂಬತ್ತಾದರೆ ಬೀದಿಯಲ್ಲಿ ಒಂದು ಸೈಕಲ್ಲೂ ಇಲ್ಲ...

ನಾನಿದ್ದದ್ದು ಹಳೇ ಇಟ್ಟಿಗೆ ಮನೆಯ ಅಟ್ಟದ ರೂಮಿನಲ್ಲಿ. ಕೆಳಗೆ ಮನೆಯ ಯಜಮಾನರು ಶಿಮೋನ್, ಎಪ್ಪತ್ತೆಂಟರ ಯಹೂದಿ ಮುದುಕರು. ಜೀವಮಾನವೆಲ್ಲ ಪಿಯಾನೋಗಳಿಗೆ ಶ್ರುತಿ ಕೂಡಿಸಿದವರು. ಇಲ್ಲಿನವರ ಹಾಗೆ ನಾನೂ ಅವರನ್ನು ‘ಮೆನೀರ್’ ಎನ್ನುತ್ತಿದ್ದೆ, ನಮ್ಮಲ್ಲಿ ‘ಸರ್’ ಅಂದ ಹಾಗೆ. ಹಿಂದಿನ ವರ್ಷ ಅವರ ಹೆಂಡತಿ ಮಿರ್ಯಾಮ್ ಕೊರೊನಾದಿಂದ ತೀರಿಕೊಂಡಿದ್ದರು. ಕೊನೆಯ ಗಳಿಗೆಯಲ್ಲಿ ಮೆನೀರ್ ಹೆಂಡತಿಯನ್ನು ನೋಡಿದ್ದು ನರ್ಸ್ ಹಿಡಿದುಕೊಂಡಿದ್ದ ಟ್ಯಾಬ್ಲೆಟ್ಟಿನಲ್ಲಿ.

ಜನವರಿಯ ಒಂದು ರಾತ್ರಿ ನೀರು ಕುಡಿಯಲು ಕೆಳಗಿಳಿದೆ. ಅವರ ಕೋಣೆಯ ಬಾಗಿಲು ತೆರೆದಿತ್ತು. ಬರಿಗಾಲಲ್ಲಿ ಹೊಸ್ತಿಲ ಪಕ್ಕ ನೆಲದ ಮೇಲೆ ಕೂತಿದ್ದರು. ಹಣೆಯ ಮೇಲೆ ಬೂದಿ. ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

“ಹೆದರಬೇಡ, ವನಿತಾ,” ಅಂದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ. “ಇದು ನಮ್ಮವರ ಹಳೇ ಪದ್ಧತಿ. ನಡುರಾತ್ರಿ ಎದ್ದು, ದೇವರಿಂದ ದೂರವಾದದ್ದಕ್ಕೆ ಅಳುವುದು. ಅತ್ತ ಮೇಲೆ, ಹತ್ತಿರ ಹೋಗಲು ನೋಡುವುದು.”

“ಹತ್ತಿರ ಅಂದ್ರೆ?”

“ದ್ವೆಕೂತ್. ಅಂದರೆ ಅಂಟಿಕೊಳ್ಳುವುದು. ಮಗು ತಾಯಿಯ ಕೊರಳಿಗೆ ಅಂಟಿಕೊಳ್ಳುವ ಹಾಗೆ.”

ಅಕ್ಷರ ಅಕ್ಷರವಾಗಿ ದೇವರ ಹೆಸರನ್ನು ಗುನುಗುತ್ತಾ, ಒಂದೊಂದು ಅಕ್ಷರಕ್ಕೂ ಒಂದೊಂದು ಉಸಿರು ಎಳೆಯುವ ಧ್ಯಾನವಂತೆ. ಅವರ ಪ್ರಾರ್ಥನಾ ಮಂದಿರ ಸಿನಗಾಗ್ ಮುಚ್ಚಿತ್ತು, ಜೊತೆಗೆ ಕೂರುವವರು ಯಾರೂ ಇರಲಿಲ್ಲ. ಒಬ್ಬರೇ ಮಾಡಬಾರದು ಎಂದು ಹಿರಿಯರು ಕಟ್ಟುನಿಟ್ಟಾಗಿ ಹೇಳಿದ್ದಾರಂತೆ.

“ಯಾಕೆ ಮಾಡಬಾರದು?”

“ಜೀವ ಅಷ್ಟು ಹತ್ತಿರ ಹೋದರೆ ಅದಕ್ಕೆ ವಾಪಸ್ ಬರುವ ಮನಸ್ಸಾಗುವುದಿಲ್ಲ. ದೇವರು ಮುತ್ತಿಟ್ಟು ಕರೆದುಕೊಂಡ ಅನ್ನುತ್ತೇವೆ. ಪುಣ್ಯವಂತರ ಸಾವು ಅದು.” ಹಣೆಯ ಬೂದಿ ಒರೆಸಿಕೊಂಡು ಕೇಳಿದರು, “ನೀನು ಹೊರಗೆ ಕೂರುತ್ತೀಯಾ?”

ನನ್ನ ಕೆಲಸ ಇಷ್ಟೇ. ಮೆಟ್ಟಿಲ ಬುಡದಲ್ಲಿ, ಅವರ ಮುಚ್ಚಿದ ಬಾಗಿಲಿಗೆ ಎದುರಾಗಿ ಕೂರಬೇಕು. ಒಳಗಿನ ಗುನುಗು ನಿಂತು ಉಸಿರೂ ಕೇಳಿಸದಿದ್ದರೆ, ತಾಯಿಯ ಹೆಸರು ಸೇರಿಸಿ ಕರೆಯಬೇಕು. ಶಿಮೋನ್ ಬೆನ್ ಹನ್ನಾ. ಹನ್ನಾಳ ಮಗ ಶಿಮೋನ್. ಅವರು ‘ಹಿನೇನಿ’ ಎನ್ನುತ್ತಾರೆ. ‘ಇಗೋ, ಇಲ್ಲಿದ್ದೇನೆ’ ಎಂದು ಅದರ ಅರ್ಥ.

ಗೆಳತಿ ರೂಪಾಗೆ ಫೋನಿನಲ್ಲಿ ಹೇಳಿದೆ. “ಏ, ತಲೆ ಕೆಟ್ಟಿದ್ಯಾ ನಿಂಗೆ? ಆ ವಯಸ್ಸಾದೋರಿಗೆ ಏನಾದ್ರೂ ಆದ್ರೆ ಪೊಲೀಸ್ ನಿನ್ನನ್ನೇ ಕೇಳ್ತಾರೆ ಕಣೇ. ಬೇಗ ಬೇರೆ ರೂಮ್ ನೋಡ್ಕೋ.”

ರೂಪಾ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾನು ಬೇಡವೆಂದರೂ ಮೆನೀರ್ ಒಬ್ಬರೇ ಕೂರುತ್ತಾರೆಂದು ನನಗೆ ಗೊತ್ತಿತ್ತು. ದಿನದಿಂದ ದಿನಕ್ಕೆ ಊಟ ಬಿಡುತ್ತಿದ್ದರು, ಕೋಟು ಹೆಗಲಿಂದ ಜಾರುತ್ತಿತ್ತು. ಮೊದಲ ಆರು ರಾತ್ರಿ ಏನೂ ಆಗಲಿಲ್ಲ. ಎರಡು ಸಲ ಕರೆದೆ. ಎರಡು ಸಲವೂ ತಕ್ಷಣ “ಹಿನೇನಿ” ಅಂದರು.

ಏಳನೆಯ ರಾತ್ರಿ...

ಸಂಜೆಯಿಂದ ಹಿಮ ಬೀಳುತ್ತಿತ್ತು. ರೂಮಿಗೆ ಬೀಗ ಹಾಕಿ, ಕೀಲಿಯನ್ನು ಸ್ವೆಟರ್ ಜೇಬಿಗೆ ಹಾಕಿಕೊಂಡು ಕೆಳಗೆ ಬಂದು ಕೂತೆ. ಮನೆಯಲ್ಲಿ ನಾವಿಬ್ಬರೇ. ಒಳಗಿನ ಗುನುಗು ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯ ದನಿಯಂತೆ ಕೇಳುತ್ತಿತ್ತು. ಮೇಣದ ವಾಸನೆ, ಬೂದಿಯ ವಾಸನೆ. ಅವೆರಡೂ ನನಗೆ ಅಭ್ಯಾಸವಾಗಿದ್ದವು.

ಆಮೇಲೆ ಇನ್ನೊಂದು ವಾಸನೆ ಬಂತು. ಒದ್ದೆ ಹತ್ತಿಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆ. ಆ ಹೊತ್ತಿನಲ್ಲಿ ಯಾರು ಇಸ್ತ್ರಿ ಮಾಡುತ್ತಾರೆ?

ಗುನುಗು ನಿಂತಿತು.

ಬಾಗಿಲಿಗೆ ಕಿವಿ ಹಚ್ಚಿದೆ. ಉಸಿರು ಕೇಳಿಸಲಿಲ್ಲ. ನನ್ನ ಎದೆಬಡಿತ ಮಾತ್ರ...

“ಶಿಮೋನ್ ಬೆನ್ ಹನ್ನಾ!”

ಉತ್ತರವಿಲ್ಲ.

ಮತ್ತೆ ಕರೆದೆ. ಇಲ್ಲ. ಮೂರನೆಯ ಸಲ ಗಂಟಲು ಹರಿಯುವಂತೆ ಕರೆದೆ.

“ಹಿನೇನಿ.”

ಅಬ್ಬಾ ಅನ್ನಿಸಿತು. ಆದರೆ ಅದು ಒಂದೇ ಕ್ಷಣ. ಆ ದನಿ ಬಂದದ್ದು ಬಾಗಿಲಾಚೆಯಿಂದಲ್ಲ. ನನ್ನ ಬೆನ್ನ ಹಿಂದಿನಿಂದ. ಮೆಟ್ಟಿಲ ಮೇಲಿನಿಂದ. ಬೀಗ ಹಾಕಿದ್ದ ನನ್ನ ರೂಮಿನಿಂದ.

ಮತ್ತು ಅದು ನನ್ನ ದನಿ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದಾಗ ನಮ್ಮ ದನಿಯೇ ನಮಗೆ ಬೇರೆಯವರದ್ದು ಅನ್ನಿಸುತ್ತದಲ್ಲ, ಹಾಗೆ. ಗಾಬರಿ ಇಲ್ಲದ, ಬಹಳ ಹೊತ್ತಿನಿಂದ ಕಾದು ಕೂತವಳ ದನಿ. ಆಮೇಲೆ ಅಟ್ಟದ ಹಲಗೆ ಒಂದು ಸಲ ಕಿರ್ ಅಂತು. ಒಂದೇ ಹೆಜ್ಜೆ...

ತಿರುಗಿ ನೋಡುವ ಧೈರ್ಯವಾಗಲಿಲ್ಲ. ಬಾಗಿಲು ತಳ್ಳಿ ಒಳಗೆ ನುಗ್ಗಿದೆ. ಮೆನೀರ್ ಗೋಡೆಗೆ ಒರಗಿದ್ದರು. ತುಟಿ ನೀಲಿಯಾಗಿತ್ತು. ಮುಖದಲ್ಲಿ ನಗು, ಊರಿಂದ ಬಂದವರನ್ನು ಸ್ಟೇಷನ್ನಿನಲ್ಲಿ ದೂರದಿಂದಲೇ ಗುರುತಿಸಿದಾಗ ಬರುವಂಥದ್ದು.

“ಮೆನೀರ್! ಏಳ್ರೀ! ಏಳ್ರೀ ಅಂದ್ರೆ!” ಕನ್ನಡದಲ್ಲೇ ಕಿರುಚಿದೆ. ಭುಜ ಹಿಡಿದು ಅಲುಗಾಡಿಸಿದೆ, ಬೆನ್ನಿಗೆ ಗುದ್ದಿದೆ. ಬಾವಿಯಿಂದ ಮೇಲೆತ್ತಿದವರ ಹಾಗೆ ಒಮ್ಮೆಲೇ ಉಸಿರೆಳೆದುಕೊಂಡರು. ಕಣ್ಣು ಬಿಟ್ಟು ನನ್ನನ್ನು ನೋಡಿದರು. ಆ ನಗು ಆರಿಹೋಯಿತು.

“ಯಾಕೆ ಕರೆದೆ?”

ಇಷ್ಟೇ ಅವರ ಮೊದಲ ಮಾತು. ಆಂಬ್ಯುಲೆನ್ಸಿಗೆ ಫೋನ್ ಮಾಡುತ್ತೇನೆಂದರೆ ಕೈ ಹಿಡಿದುಕೊಂಡು ಬೇಡ ಅಂದರು. ಮಿರ್ಯಾಮ್ ಹೋಗಿ ವಾಪಸ್ ಬಾರದ ಜಾಗ ಆಸ್ಪತ್ರೆ. ಅಡುಗೆಮನೆಗೆ ಕರೆತಂದು ಚಹಾ ಮಾಡಿಕೊಟ್ಟೆ.  

“ನಾನು ಉತ್ತರ ಕೊಡಲಿಲ್ಲ. ಕೊಡುವ ಮನಸ್ಸೂ ಇರಲಿಲ್ಲ,” ಅಂದರು. “ಆದರೆ ಯಾರೋ ಕೊಟ್ಟರು. ನನಗೂ ಕೇಳಿಸಿತು. ಎಲ್ಲಿಂದ?”

“ಮೇಲಿಂದ... ನನ್ನ ರೂಮಿಂದ.”

ಮೆಟ್ಟಿಲ ಕಡೆ ತಿರುಗಿ ನೋಡಿದರು.

“ಒಂದು ವರ್ಷ ಬಾಗಿಲು ತಟ್ಟಿದವನು ನಾನು, ವನಿತಾ. ತೆರೆದದ್ದು ನಿನ್ನ ರೂಮಿನಲ್ಲಾ?” ಲೋಟ ಪಕ್ಕಕ್ಕೆ ಸರಿಸಿ ನನ್ನ ಕಡೆ ಬಾಗಿದರು. “ಯಾರ ದನಿ ಅದು?”

“ಗೊತ್ತಾಗಲಿಲ್ಲ, ಮೆನೀರ್.”

ಸುಳ್ಳು ಹೇಳಿದೆ. ಶ್ರುತಿ ಹಿಡಿದು ಬದುಕಿದ ಕಿವಿ ಅವರದ್ದು. ನನ್ನ ಬಾಯನ್ನೇ ನೋಡುತ್ತಿದ್ದರು. ಅವರಿಗೆ ಗೊತ್ತಿತ್ತು ಅಂತಲೇ ಈಗಲೂ ನನಗನ್ನಿಸುತ್ತದೆ.

ಬೆಳಗಾದ ಮೇಲೆ ಇಬ್ಬರೂ ಮೆಟ್ಟಿಲು ಹತ್ತಿದೆವು. ಬೀಗ ಹಾಕಿದ ಹಾಗೇ ಇತ್ತು. ಹಾಸಿಗೆ ಮಡಿಸಿಟ್ಟ ಹಾಗೇ, ಲ್ಯಾಪ್‌ಟಾಪ್ ಮುಚ್ಚಿದ ಹಾಗೇ. ಏನೂ ಇಲ್ಲ, ಯಾರೂ ಇಲ್ಲ, ಇಸ್ತ್ರಿಯ ಆ ವಾಸನೆಯೂ ಇಲ್ಲ.

ಅಂದಿನಿಂದ ಮೆನೀರ್ ನಡುರಾತ್ರಿ ಏಳಲಿಲ್ಲ. ಊಟ ಮಾಡತೊಡಗಿದರು, ಮೈ ತುಂಬಿಕೊಂಡಿತು. ನೋಡಿದವರು ಸುಧಾರಿಸಿದ್ದಾರೆ ಅಂದರು. ನನಗೆ ಮಾತ್ರ ಹಾಗೆ ಕಾಣಲಿಲ್ಲ. ಕೆಲವು ದಿನ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ನನಗಾಗಿ ಕಾದು ನಿಂತಿರುತ್ತಿದ್ದರು. “ಮತ್ತೆ ಕೇಳಿಸಿತಾ?” ಅನ್ನುತ್ತಿದ್ದರು. ಕಣ್ಣಲ್ಲಿ ಹಸಿವಿತ್ತು, ಜೊತೆಗೆ ನನ್ನ ಮೇಲೆ ಒಂಥರಾ ಹೊಟ್ಟೆಕಿಚ್ಚೂ ಇತ್ತು. ಅದನ್ನು ತಡೆದುಕೊಳ್ಳಲಾಗದೆ ಏಪ್ರಿಲ್‌ನಲ್ಲಿ ರೂಮು ಬಿಟ್ಟೆ.

ಎರಡು ವರ್ಷದ ನಂತರ ಅವರು ನಿದ್ದೆಯಲ್ಲೇ ತೀರಿಕೊಂಡರೆಂದು ಅವರ ಮಗಳು ಮೇಲ್ ಬರೆದರು. ‘ನೀವು ಒಮ್ಮೆ ಅಪ್ಪನ ಜೀವ ಉಳಿಸಿದಿರಂತೆ, ಧನ್ಯವಾದ’ ಎಂದೂ ಇತ್ತು. ಆ ಪತ್ರಕ್ಕೆ ಉತ್ತರ ಬರೆಯಲು ನನಗೆ ಇವತ್ತಿಗೂ ಆಗಿಲ್ಲ. ಉಳಿಸಿದೆನೋ, ಬೇಕಾದಲ್ಲಿಗೆ ಹೊರಟವರನ್ನು ಅಡ್ಡಗಟ್ಟಿದೆನೋ...

ಈಗ ಹಾರ್ಲೆಮ್‌ನಲ್ಲಿದ್ದೇನೆ, ಮದುವೆಯಾಗಿದೆ. ಗಂಡ ಪಕ್ಕದ ಕೋಣೆಯಿಂದ ಹೆಸರು ಹಿಡಿದು ಕರೆದರೆ ನಾನು ಓಗೊಡುವುದಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಹೋಗಿ ಎದುರಿಗೆ ನಿಲ್ಲುತ್ತೇನೆ. “ಅಲ್ಲಿಂದ್ಲೇ ‘ಏನು’ ಅಂದ್ರೆ ಆಗಲ್ವಾ?” ಎಂದು ಅವನು ನಗುತ್ತಾನೆ.

ನಾನು ಹೋಗುವಷ್ಟರಲ್ಲಿ ನನ್ನ ದನಿಯಲ್ಲಿ ಅವಳು ಓಗೊಟ್ಟುಬಿಟ್ಟರೆ?