ಒಂದು ತಿರುವು ಹಿಂದೆ

ರಾತ್ರಿ ಶೆಡ್ಡಿನಲ್ಲಿ ಒಂದು ಹನಿ ಬೀಳುತ್ತದೆ. ಖಾಲಿ ತಗಡಿನ ಸದ್ದಲ್ಲ, ತುಂಬಿದ ತಟ್ಟೆಯ ಸದ್ದು. ಮಹಡಿಯ ಮೇಲೆ ಮಲಗಿದ್ದ ಗೆಥಿನ್ ಪ್ರಾಸರ್ ಕೋಟು ಹೊದ್ದು ಕೆಳಗಿಳಿದು ಬರುತ್ತಾರೆ. ಹಸಿರು ಕಾರಿನ ಪೆಟ್ರೋಲ್ ನಲ್ಲಿಯನ್ನು ಬಿಗಿ ಮಾಡಿ, ಅಡಿಗಿಟ್ಟ ತಟ್ಟೆಯನ್ನು ಖಾಲಿ ಮಾಡಿ, ಮತ್ತೆ ಹೋಗಿ ಮಲಗುತ್ತಾರೆ.

ಬೆಳಕು ಹರಿಯುವ ಮೊದಲೇ ಅವರು ಅದೇ ಕಾರಿನ ಮುಂದೆ ಬಾಗಿ ನಿಂತಿದ್ದಾರೆ, ಹ್ಯಾಂಡಲ್ ತಿರುಗಿಸುತ್ತ. ಎಪ್ಪತ್ತೊಂದು ವರ್ಷದ ಮೊಣಕೈ. ಮೂರನೆಯ ಸಲಕ್ಕೆ ಎಂಜಿನ್ ಕೆಮ್ಮಿ ಎಚ್ಚರಗೊಳ್ಳುತ್ತದೆ. "ನನ್ ಥರಾನೇ ಇದು. ಬೈದ್ರೆ ಏಳಲ್ಲ, ಕಾದ್ರೆ ಏಳತ್ತೆ," ಎನ್ನುತ್ತಾರೆ.

ವೇಲ್ಸ್‌ನ ಈ ಕಣಿವೆಯ ಹಳೆಯ ಕಾರುಗಳ ಸಂಘ ಪ್ರತಿ ಮೇ ತಿಂಗಳಲ್ಲಿ ಒಂದು ದಿನ ಗುಡ್ಡದ ಮೇಲಿನ ಕೋಟೆಗೆ ಹೋಗಿ, ಮುರಿದ ಗೋಡೆಗಳ ನೆರಳಲ್ಲಿ ಬುತ್ತಿ ಬಿಚ್ಚಿ, ಸಂಜೆಗೆ ಮರಳುತ್ತದೆ. ಅಲ್ಲಿ ತೆಗೆದ ಯಾವ ಫೋಟೋದಲ್ಲೂ ಗೆಥಿನ್ ಇಲ್ಲ. ಅವರು ಹಗ್ಗ, ಪೆಟ್ರೋಲ್ ಕ್ಯಾನು, ಚಹಾದ ಫ್ಲಾಸ್ಕು ಹೇರಿಕೊಂಡ ತಮ್ಮ ವ್ಯಾನಿನಲ್ಲಿ ಎಲ್ಲರ ಹಿಂದೆ ಬರುತ್ತಾರೆ. ಎಷ್ಟು ಹಿಂದೆ ಎಂದರೆ ಸದಾ ಒಂದು ತಿರುವಿನಷ್ಟು. ಸಂಘದಲ್ಲಿ ಯಾರೂ ಬರೆದಿಡದ ನಿಯಮ ಅದು. "ಬೆನ್ನಿಗೇ ಆಂಬುಲೆನ್ಸ್ ಬರ್ತಿದ್ರೆ ಯಾರಿಗ್ ತಾನೆ ಪ್ರಯಾಣ ರುಚಿಸತ್ತೆ? ಕೆಟ್ಟಾಗ ಮಾತ್ರ ಕಾಣಿಸ್ಕೋಬೇಕು."

ಈ ಸಲ ಅವರಿಗೆ ಚಿಂತೆ ಹಸಿರು ಕಾರಿನದು. ಅವರ ಶೆಡ್ಡಿನಲ್ಲೇ ಇರುವ, ಅವರೇ ನೋಡಿಕೊಳ್ಳುವ ಆ ಕಾರಿನ ಒಡತಿ ನೆಸ್ಟಾ ಹೋವೆಲ್ಸ್‌ಗೆ ಎಂಬತ್ಮೂರು. ಕಳೆದ ವರ್ಷ ಕಾರು ದಾರಿಯಲ್ಲಿ ನಿಂತಾಗ ಮಗಳು ಬೆಥನ್ ಖಡಾಖಂಡಿತವಾಗಿ ಹೇಳಿದ್ದಳು, ಇನ್ನೊಂದು ಸಲ ನಿಂತರೆ ಮಾರಿಬಿಡುವುದು ಎಂದು. ನೆಸ್ಟಾ ಒಪ್ಪಿ ಮಾತು ಕೊಟ್ಟಿದ್ದಾರೆ. ಬೆಥನ್ ಬುತ್ತಿ ಹಿಡಿದು ಕೋಟೆಯ ಬಾಗಿಲಲ್ಲೇ ಕಾದಿದ್ದಾಳೆ.

ದಾರಿಯಲ್ಲಿ ಬೇರೊಂದು ಕಾರಿಗೆ ಗೆಥಿನ್‌ರ ಪೆಟ್ರೋಲ್ ಕ್ಯಾನು ಖಾಲಿಯಾಗುತ್ತದೆ. ಆಮೇಲೆ, ಅವರ ಬಗ್ಗೆ ಕನ್ನಡದಲ್ಲಿ ಬರೆಯಲು ಬಂದು ವ್ಯಾನಿನಲ್ಲಿ ಪಕ್ಕ ಕೂತ ನನಗೆ ಅವರು ಮಾತಿಗೆ ಸಿಗುವುದಿಲ್ಲ. ಕಿಟಕಿ ಇಳಿಸಿ, ಮುಂದಿನ ತಿರುವಿನಾಚೆಯ ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟಿರುತ್ತಾರೆ. ಕೋಟೆಯ ಕಡಿದಾದ ಏರಿನಲ್ಲಿ ಆ ಸದ್ದು ತೊದಲುತ್ತದೆ, ನಿಲ್ಲುತ್ತದೆ.

ತಿರುವು ದಾಟಿದರೆ, ಏರಿನ ನಡುವೆ ಹಸಿರು ಕಾರು. ಎರಡೂ ಕೈಯಲ್ಲಿ ಬ್ರೇಕ್ ಹಿಡಿದ ನೆಸ್ಟಾ.

"ಬಂದ್ಯಾ? ಇನ್ನೇನು, ಮಾರಾಟದ ಬೋರ್ಡ್ ತಂದಿದೀಯಾ?"

ಗೆಥಿನ್ ಸೀಟಿನ ಕೆಳಗಿನ ಟ್ಯಾಂಕಿಗೆ ಕೋಲು ಇಳಿಸಿ ನೋಡುತ್ತಾರೆ. "ತಪ್ಪು ನಂದು, ನೆಸ್ಟಾ. ರಾತ್ರಿ ಸೋರಿತ್ತು. ಸೋರಿದ್ದನ್ನ ಚೆಲ್ಲಿದೆ, ಮತ್ತೆ ತುಂಬಿಸೋದ್ ಮರೆತೆ. ಪೆಟ್ರೋಲ್ ಇದೆ, ಆದ್ರೆ ಏರಿನಲ್ಲಿ ಹಿಂದಕ್ಕೆ ಸರಿದು ನಿಂತಿದೆ. ಎಂಜಿನ್‌ಗೆ ಹತ್ತಲ್ಲ."

ಈ ಕಾರಿಗೆ ಪೆಟ್ರೋಲನ್ನು ಎತ್ತುವ ಪಂಪು ಇಲ್ಲ. ನೀರಿನಂತೆ ತಾನಾಗಿ ಇಳಿದು ಹರಿಯಬೇಕು.

"ನಾನ್ ಹೋಗಿ ಬೆಥನ್‌ಗೆ ಹೇಳ್ತೀನಿ, ತಪ್ಪು ನಿಮ್ದಲ್ಲ ಅಂತ."

"ತಪ್ಪು ಯಾರ್ದಾದ್ರೇನು? ನಿಂತ್ರೆ ಮಾರೋದು ಅಂತ ತಾನೆ ಮಾತು? ಪೆಟ್ರೋಲ್ ಬಂಕಿಗೆ ಹೋಗಿ ಬರೋಷ್ಟರಲ್ಲಿ ಅವಳೇ ಹುಡುಕ್ಕೊಂಡು ಇಳೀತಾಳೆ." ನೆಸ್ಟಾ ಏರನ್ನೊಮ್ಮೆ, ಇಳಿಜಾರನ್ನೊಮ್ಮೆ ನೋಡುತ್ತಾರೆ. "ನನ್ ಗಂಡ ಇಂಥ ಕಡೆ ಏನ್ ಮಾಡ್ತಿದ್ದ, ನೆನಪಿದ್ಯಾ?"

ಗೆಥಿನ್‌ಗೆ ನೆನಪಿದೆ. ಕಾರನ್ನು ಮೆಲ್ಲಗೆ ಬುಡಕ್ಕೆ ಜಾರಿಸಿ, ಸಮತಟ್ಟಿನಲ್ಲಿ ತಿರುಗಿಸಿ, ಹ್ಯಾಂಡಲ್ ಹಾಕುತ್ತಾರೆ. ಈಗ ಏರಿನಲ್ಲಿ ಟ್ಯಾಂಕು ಮೇಲೆ, ಎಂಜಿನ್ ಕೆಳಗೆ. ನೆಸ್ಟಾ ಕತ್ತು ಹೊರಳಿಸಿ, ರಿವರ್ಸ್ ಗೇರಿನಲ್ಲಿ ಹಿಮ್ಮುಖವಾಗಿ ಗುಡ್ಡ ಏರತೊಡಗುತ್ತಾರೆ. ಗೆಥಿನ್ ಅಂಗೈ ಒರೆಸಿಕೊಳ್ಳುತ್ತ, ಕಾರು ತಿರುವಿನಾಚೆ ಮರೆಯಾಗುವವರೆಗೂ ಕಾಯುತ್ತಾರೆ.

ಕೋಟೆಯ ಬಾಗಿಲಿಗೆ ಹಸಿರು ಕಾರು ಬೆನ್ನು ಮುಂದಾಗಿ ಬಂದು ನಿಂತಿದೆ. ಸಂಘದವರು ಚಪ್ಪಾಳೆ ತಟ್ಟುತ್ತಿದ್ದಾರೆ.

"ಇದೇನಮ್ಮಾ ಹಿಂದುಹಿಂದಾಗಿ?" ಬೆಥನ್ ಕೇಳುತ್ತಿದ್ದಾಳೆ.

"ಕಣಿವೆ ನೋಡ್ಕೊಂಡ್ ಬರೋಣ ಅನ್ನಿಸ್ತು. ಮುಂದ್ಮುಂದಾಗ್ ಬಂದ್ರೆ ನಿನ್ ಮುಖ ಒಂದೇ ಕಾಣತ್ತೆ."

ಬೆಥನ್ ನಗುವುದಿಲ್ಲ. ಸೀದಾ ವ್ಯಾನಿನ ಕಿಟಕಿಗೆ ಬರುತ್ತಾಳೆ. ಗೆಥಿನ್ ಸುಳ್ಳು ಹೇಳುವವರಲ್ಲ ಎಂದು ಕಣಿವೆಗೆಲ್ಲ ಗೊತ್ತು.

"ಗೆಥಿನ್ ಮಾಮ, ನೀವ್ ಹೇಳಿ. ದಾರೀಲಿ ಕಾರು ನಿಂತಿತ್ತಾ?"

ಅವರ ಕೈ ಸ್ಟೀರಿಂಗ್ ಬಿಡುವುದಿಲ್ಲ. ಅವಳ ಭುಜದಾಚೆ ನೆಸ್ಟಾ ಕೈಗವಸನ್ನು ಒಂದೊಂದೇ ಬೆರಳಾಗಿ ಬಿಚ್ಚುತ್ತಿದ್ದಾರೆ, ಇತ್ತ ನೋಡದೆ.

"ನಾನ್ ಯಾವಾಗ್ಲೂ ಒಂದ್ ತಿರುವು ಹಿಂದೆ ತಾನೆ ಇರೋದು, ಬೆಥನ್?"

ಅವಳು ಅವರನ್ನೇ ದಿಟ್ಟಿಸಿ, ಕೊನೆಗೆ ಬುತ್ತಿಯಿಂದ ಒಂದು ಸ್ಯಾಂಡ್‌ವಿಚ್ ತೆಗೆದು ಕೊಟ್ಟು ಹೋಗುತ್ತಾಳೆ.

ಸಂಜೆ ಶೆಡ್ಡಿನಲ್ಲಿ ಗೆಥಿನ್ ಹಸಿರು ಕಾರಿನ ಅಡಿಗೆ ಮತ್ತೆ ತಟ್ಟೆ ಇಡುತ್ತಾರೆ. ನಲ್ಲಿ ಸೋರದಂತೆ ಹೊಸ ಚರ್ಮದ ಬಿಲ್ಲೆ ಹಾಕಿಯಾಗಿದೆ, ಟ್ಯಾಂಕು ತುಂಬಿಯಾಗಿದೆ. ಈವರೆಗೆ ತಮ್ಮ ಯಾವ ತಪ್ಪನ್ನೂ ಕಾರಿನ ಮೇಲೆ ಹಾಕಿದವರಲ್ಲ, ಮುಚ್ಚಿಟ್ಟವರೂ ಅಲ್ಲ.

"ಇದೊಂದನ್ನ ಮಾತ್ರ ಈ ಊರಲ್ಲಿ ಯಾರಿಗೂ ಹೇಳಲ್ಲ," ಎನ್ನುತ್ತಾರೆ, ಬೆರಳಿನ ಎಣ್ಣೆ ಒರೆಸುತ್ತ. "ನೀವ್ ಬೇಕಾದ್ರೆ ನಿಮ್ ಭಾಷೇಲಿ ಬರ್ಕೊಳ್ಳಿ. ಓದೋಕೆ ಇಲ್ಲಿ ಯಾರಿದಾರೆ?"